ಮಧ್ಯಾಹ್ನದ ನಿದ್ದೆ

ಅಂಗಿಯ ನೀಲಿ ಮತ್ತೆ ನೇರಳೆಗೆ ತಿರುಗಿತ್ತು. ಅವಳು ಪ್ರೆಸ್ಸಿನವನ ಮೇಜಿನ ಮೇಲೆ ತನ್ನ ಮೂಲ ಚಿತ್ರವನ್ನೂ ಅದರ ಪ್ರಿಂಟನ್ನೂ ಪಕ್ಕಪಕ್ಕ ಇಟ್ಟು, ಕಿಟಕಿಯ ಬೆಳಕಿಗೆ ಸರಿಸಿ, ಅಂಗಿಯ ತೋಳಿನ ಕಡೆ ಬೆರಳು ತೋರಿಸಿದಳು.

"ನಂಗೇನೂ ಕಾಣ್ತಿಲ್ಲಕ್ಕಾ. ಕೊಳ್ಳೋರಿಗೂ ಕಾಣಲ್ಲ."

"ನಂಗೆ ಕಾಣುತ್ತಲ್ಲ."

"ನಿಮ್ಮ ಕಣ್ಣು ನಿಮ್ಮ ಹತ್ರಾನೇ ಇರುತ್ತೆ. ಅವರು ತಗೊಂಡು ಹೋಗೋದು ಕಾಗದ ತಾನೇ," ಎಂದು ಗೊಣಗುತ್ತಲೇ ಅವನು ಬಣ್ಣ ತಿದ್ದಲು ಕಂಪ್ಯೂಟರಿನತ್ತ ತಿರುಗಿದ.

ಆರಾಮಕುರ್ಚಿಯಲ್ಲಿ ನಿದ್ದೆಹೋದ ಒಬ್ಬ ಗಂಡಸಿನ ಚಿತ್ರ ಅದು. ತಲೆ ಒಂದು ಪಕ್ಕಕ್ಕೆ ವಾಲಿದೆ, ಬಾಯಿ ಕೊಂಚ ತೆರೆದಿದೆ, ಒಂದು ಚಪ್ಪಲಿ ಕಾಲಿನಲ್ಲಿ, ಇನ್ನೊಂದು ನೆಲದ ಮೇಲೆ. 'ಮಧ್ಯಾಹ್ನದ ನಿದ್ದೆ' ಎಂದು ಹೆಸರಿಟ್ಟಿದ್ದಳು. ಬೇರೆ ಎಷ್ಟೋ ಚಿತ್ರಗಳನ್ನು ಬರೆದಿದ್ದಳು, ಅವುಗಳ ಪ್ರಿಂಟುಗಳನ್ನೂ ಹಾಕಿಸಿದ್ದಳು. ಆದರೆ ಅವಳ ಬಾಡಿಗೆ, ಬಣ್ಣ, ಊಟ ಎಲ್ಲ ನಡೆಯುತ್ತಿದ್ದದ್ದು ಈ ಮಲಗಿದ ಮನುಷ್ಯನಿಂದ. ಅವನು ಅವಳ ಅಪ್ಪ.

ಅಪ್ಪನಿಗೆ ಗಿರಣಿಯಲ್ಲಿ ರಾತ್ರಿ ಪಾಳಿ. ಹಗಲೆಲ್ಲ ಮನೆ ಸದ್ದಿಲ್ಲದೆ ಇರಬೇಕಿತ್ತು. ಅಣ್ಣ ಚೆಂಡು ಹಿಡಿದು ಬೀದಿಗೆ ಓಡುತ್ತಿದ್ದ. ಇವಳು ಒಳಗೇ ಉಳಿದು, ಸದ್ದಾಗದ ಆಟ ಯಾವುದೆಂದು ಹುಡುಕಿ ಹುಡುಕಿ ಪೆನ್ಸಿಲು ಹಿಡಿದಳು. ಎದುರಿಗೆ ಅಲ್ಲಾಡದೆ ಇರುತ್ತಿದ್ದದ್ದು ಅಪ್ಪ ಒಬ್ಬರೇ. ಆಗಿನ ಆ ಗೆರೆಗಳಿಂದಲೇ ಮುಂದೆ ಈ ಚಿತ್ರ ಹುಟ್ಟಿತು. ದೊಡ್ಡವಳಾಗಿ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಬಿಟ್ಟು ಚಿತ್ರ ಬರೆದೇ ಬದುಕುತ್ತೇನೆ ಎಂದಾಗ ಅದೇ ಅಪ್ಪ, "ಗೋಡೆಗೆ ನೇತು ಹಾಕೋದು ಹೊಟ್ಟೆಗೆ ಆಗುತ್ತಾ?" ಎಂದಿದ್ದರು. ಇವಳೂ ಏನೇನೋ ಅಂದಿದ್ದಳು. ಅಮ್ಮ ಇರುವ ತನಕ ಇವಳ ಮಾತನ್ನು ಅವರಿಗೆ, ಅವರದನ್ನು ಇವಳಿಗೆ ದಾಟಿಸುತ್ತಿದ್ದಳು. ಅಮ್ಮ ಹೋದ ಮೇಲೆ ಅಪ್ಪ ಅಣ್ಣನ ಮನೆಗೆ ಹೋದರು, ಮಾತು ನಿಂತೇಹೋಯಿತು.

ಅವಳದು ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ದಿನವಿಡೀ ಕೆಳಗಿನಿಂದ ಹೊಲಿಗೆಯಂತ್ರದ ಸದ್ದು ಬರುತ್ತಿತ್ತು. ಸಂಜೆಯಾದ ಮೇಲೆ ಅದೂ ಇರುತ್ತಿರಲಿಲ್ಲ. ದೊಡ್ಡ ಹಾಳೆ ಸುತ್ತುವಾಗ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ಆ ತುದಿಯ ಮೇಲೆ ಅವಳು ಇಸ್ತ್ರಿಪೆಟ್ಟಿಗೆ ಇಡುತ್ತಿದ್ದಳು. ಕೊರಿಯರಿನವನು ಬಂದು ಬಾಗಿಲು ಬಡಿದಾಗ ಮಾತಾಡಲು ಹೋದರೆ ಗಂಟಲು ಕಟ್ಟಿಕೊಂಡಿರುತ್ತಿತ್ತು. ಬೆಳಗಿನಿಂದ ಬಾಯಿ ಬಿಟ್ಟೇ ಇಲ್ಲ ಎಂದು ಆಗ ಹೊಳೆಯುತ್ತಿತ್ತು.

ಭಾನುವಾರ ಮುಚ್ಚಿದ ಚಿತ್ರಮಂದಿರದ ಮುಂದೆ ಸಂತೆ ಸೇರುತ್ತಿತ್ತು. ಅಲ್ಲಿ ಪ್ರಿಂಟು ಹರಡಿ ಕೂರುವ ಅವಳ ಪಕ್ಕದಲ್ಲಿ ಕುಂಡದ ಗಿಡ ಮಾರುವವನು. "ಅಕ್ಕಾ, ನಿಮ್ಮ ಮಾಲೇ ವಾಸಿ, ನೀರು ಹಾಕೋ ಗೋಜಿಲ್ಲ," ಎನ್ನುತ್ತಿದ್ದ. ಬಂದವರು ಸೋಫಾದ ಬಣ್ಣಕ್ಕೆ ಹೊಂದುವಂಥದ್ದು ಕೇಳುತ್ತಿದ್ದರು. ಫ್ರೇಮು ಬಿಟ್ಟು ಬರೀ ಚಿತ್ರಕ್ಕೆ ಎಷ್ಟು, ಚಿತ್ರ ಬಿಟ್ಟು ಬರೀ ಫ್ರೇಮಿಗೆ ಎಷ್ಟು ಎಂದು ಚೌಕಾಸಿ ಮಾಡುತ್ತಿದ್ದರು. ಆದರೆ ಮಲಗಿದ ಮನುಷ್ಯನ ಮುಂದೆ ಮಾತ್ರ ಯಾರಾದರೊಬ್ಬರು ಸುಮ್ಮನೆ ನಿಂತುಬಿಡುತ್ತಿದ್ದರು. "ಥೇಟ್ ನಮ್ಮಪ್ಪ ಕಣ್ರೀ," ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಿದ್ದಳು. ಇವಳು ಪ್ರಿಂಟನ್ನು ಸುತ್ತಿ, ರಟ್ಟಿನ ಕೊಳವೆಗೆ ತುಂಬಿ, ಮುಚ್ಚಳ ಹಾಕಿ ಆಕೆಯ ಕೈಗೆ ಕೊಟ್ಟಿದ್ದಳು.

ಅಂಥದೊಂದು ಭಾನುವಾರ ಹತ್ತು ಜನರ ಹಿಂದೆ ಮುದುಕರೊಬ್ಬರು ನಿಂತಿರುವುದು ಕಂಡಿತು. ಕಪ್ಪು ಕನ್ನಡಕ. ನಿಂತ ಭಂಗಿಯಿಂದಲೇ ಗುರುತು ಸಿಕ್ಕಿತು. ಜನ ಕರಗಿದ ಮೇಲೆ ಅಪ್ಪ ಹತ್ತಿರ ಬಂದರು.

"ಕಣ್ಣಿನ ಪೊರೆ ತೆಗೆಸಿದ್ದೆ. ತೋರಿಸೋಕೆ ಹೋದಾಗ ಆಸ್ಪತ್ರೆ ಗೋಡೆ ಮೇಲೆ ನಾನೇ ಇದ್ದೆ," ಎಂದರು. "ಡಾಕ್ಟ್ರು ನಿನ್ನ ಹತ್ರ ತಗೊಂಡ್ರಂತೆ. ಎಲ್ಲಿ ಕೂರ್ತೀಯ ಅಂತ ಅವರೇ ಹೇಳಿದ್ರು."

ಅವಳು ಸ್ಟೂಲು ಮುಂದೆ ಸರಿಸಿದಳು. ಅಪ್ಪ ಕೂರಲಿಲ್ಲ. ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಬಾಯಿ ಇಷ್ಟು ತೆರೆದಿರ್ತಿತ್ತಾ?"

"ಇರ್ತಿತ್ತು."

"ನಿಮ್ಮಮ್ಮ ಒಂದು ದಿನಾನೂ ಹೇಳ್ಲಿಲ್ಲ ನೋಡು."

"ಒಂದು ತಗೊಂಡು ಹೋಗಿ ಅಪ್ಪ. ಸುತ್ತಿ ಕೊಡ್ತೀನಿ."

"ನಂಗ್ಯಾಕೆ? ಮನೇಲಿ ಕನ್ನಡಿ ಇದೆ."

ಗಿಡದವನು ನಕ್ಕುಬಿಟ್ಟು, ಬೇರೆ ಕಡೆ ತಿರುಗಿದ. ಅಪ್ಪ ನೆಟ್ಟಗಾದರು. ಯಾವುದೋ ಸಣ್ಣ ವಿಷಯ ಹೇಳುವವರಂತೆ, "ಎಲ್ಲಾ ದಿನ ನಿದ್ದೆ ಬಂದಿರ್ತಿರ್ಲಿಲ್ಲ ನಂಗೆ," ಎಂದರು.

"ಮತ್ತೆ?"

"ಪೆನ್ಸಿಲ್ ಸದ್ದು ಕೇಳ್ತಿತ್ತು. ನಾನು ಮಿಸುಕಿದ್ರೆ ನೀನು ಎದ್ದು ಹೋಗಿಬಿಡ್ತಿದ್ದೆ. ಅದಕ್ಕೆ ಹಂಗೇ ಇರ್ತಿದ್ದೆ."

ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಬಂದು, ಮಲಗುವ ಕೋಣೆಗೆ ಅಡ್ಡ ಅಳತೆಯದು ಇದೆಯಾ ಎಂದು ಕೇಳಿದರು. ಇದೆ ಎಂದು ತೆಗೆದು ಬಿಡಿಸಿ ತೋರಿಸಿದಳು. ಹಾಳೆ ಎಂಥದು, ಬಣ್ಣ ಮಾಸುತ್ತದಾ, ಎಲ್ಲಕ್ಕೂ ಉತ್ತರ ಹೇಳಿದಳು. ಅವರು ಯೋಚನೆ ಮಾಡಿ ಬರುತ್ತೇವೆ ಎಂದು ಹೋದರು. ತಿರುಗಿದರೆ ಅಪ್ಪ ಇರಲಿಲ್ಲ.

"ಬಸ್ ಸ್ಟಾಪ್ ಕಡೆ ಹೋದ್ರು," ಎಂದ ಗಿಡದವನು. "ಹೋಗಿ ಅಕ್ಕಾ, ನಾನು ನೋಡ್ಕೋತೀನಿ."

ಅವಳು ಓಡಿದಳು. ತಲುಪುವಾಗ ಬಸ್ಸು ಹೊರಟಿತ್ತು. ಕಿಟಕಿಯ ಪಕ್ಕ ಕೂತಿದ್ದ ಅಪ್ಪ ಇವಳನ್ನು ಕಂಡರೋ ಇಲ್ಲವೋ, ಕಪ್ಪು ಕನ್ನಡಕದಲ್ಲಿ ಗೊತ್ತಾಗಲಿಲ್ಲ.

ಮೂರ್ನಾಲ್ಕು ದಿನ ಅವಳಿಗೆ ಯಾವ ಕೆಲಸವೂ ಕೈಹತ್ತಲಿಲ್ಲ. ಕಳಿಸಬೇಕಾದ ಪ್ರಿಂಟುಗಳು ಸಹಿಯಿಲ್ಲದೆ ಬಿದ್ದಿದ್ದವು. ಆಮೇಲೆ ಒಂದು ಬೆಳಿಗ್ಗೆ ಹಾಳೆಯ ಪ್ಯಾಡು ಚೀಲಕ್ಕೆ ಹಾಕಿಕೊಂಡು ಅಣ್ಣನ ಮನೆಗೆ ಹೋದಳು. ಅಣ್ಣ ಕೆಲಸಕ್ಕೆ ಹೋಗಿದ್ದ. ಬಾಗಿಲು ತೆಗೆದ ಅತ್ತಿಗೆ ಒಂದು ಕ್ಷಣ ತಬ್ಬಿಬ್ಬಾಗಿ, "ಬಾ ಬಾ, ಇಲ್ಲೇ ಇದಾರೆ," ಎಂದು ದಾರಿ ಬಿಟ್ಟಳು.

"ಎಚ್ಚರ ಇರುವಾಗ ಒಂದು ಬರೀಲಾ?" ಎಂದು ಅಪ್ಪನನ್ನು ಕೇಳಿದಳು.

ಅಪ್ಪ ಅಂಗಿಯ ಕೊರಳಪಟ್ಟಿ ಸರಿಮಾಡಿಕೊಂಡು ಮಂಚದ ತುದಿಯಲ್ಲಿ ಕೂತರು. ಎಲ್ಲಿ ನೋಡಬೇಕೋ ತಿಳಿಯದೆ ಅವಳನ್ನೇ ನೋಡತೊಡಗಿದರು. ಹಿಂದೆ ಎಂದೂ ಅಷ್ಟು ಹೊತ್ತು ಅವರು ಅವಳನ್ನು ನೋಡಿದ್ದೇ ಇಲ್ಲ. ಅವಳ ಕೈ ಓಡಲಿಲ್ಲ. ಮುಖ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ಕೊನೆಗೆ ಮೊಣಕಾಲ ಮೇಲಿದ್ದ ಅವರ ಕೈಗಳನ್ನಷ್ಟೇ ಬರೆದಳು.

"ಒಂದೇ ಚಿತ್ರಾನ ಎಷ್ಟು ಸಲ ಮಾರ್ತೀಯ? ಬೇಜಾರಾಗಲ್ವಾ?"

"ಮಾರೋದು ಪ್ರಿಂಟು ಅಪ್ಪ. ಚಿತ್ರ ಮನೇಲೇ ಇದೆ."

"ಮನೇಲಿ ಯಾರಿದಾರೆ?"

"ಯಾರೂ ಇಲ್ಲ. ಗೋಡೆ ಮೇಲೆ ನೀವಿದೀರ."

ಅತ್ತಿಗೆ ಟೀ ತಂದಿಟ್ಟು ಒಳಗೆ ಹೋದಳು. ಇಬ್ಬರೂ ಕುಡಿದರು. ಹಳೆಯ ಮಾತುಗಳನ್ನು ಯಾರೂ ಎತ್ತಲಿಲ್ಲ. ಎತ್ತಿ ಮುಗಿಸಿಬಿಡಬೇಕು ಎಂದು ಅವಳಿಗೆ ಅನಿಸಿತು. ಆದರೆ ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ, ಅಷ್ಟರಲ್ಲಿ ಹೊತ್ತು ಇಳಿದಿತ್ತು. ಎದ್ದು ನಿಂತಾಗ ಅಪ್ಪ ಬಾಗಿಲ ತನಕ ಬಂದರು.

ಬಸ್ಸಿನಲ್ಲಿ ಅವಳು ಪ್ಯಾಡನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅರ್ಧ ದಾರಿಗೆ ಫೋನು ಬಂತು. ಅಣ್ಣನ ಮನೆಯದು.

"ಮನೆ ಸೇರಿದ್ಯಾ?" ಅಪ್ಪನ ದನಿ.

"ಇಲ್ಲ, ಇನ್ನೂ ಬಸ್ಸಲ್ಲಿದೀನಿ."

"ಸರಿ. ಇಡ್ತೀನಿ."

ಇಳಿದ ಮೇಲೂ 'ಮನೆ ಸೇರಿದ್ಯಾ' ಎಂಬ ಆ ಮಾತು ಅವಳ ಜೊತೆಗಿತ್ತು. ಟೈಲರ್ ಅಂಗಡಿಯ ಬಾಗಿಲು ಎಳೆದಿತ್ತು. ಮೆಟ್ಟಿಲು ಹತ್ತಿ, ಬೀಗ ತೆಗೆದು, ದೀಪ ಹಾಕಿ, ಚೀಲ ಇಳಿಸುವ ಮೊದಲೇ ಫೋನು ಮಾಡಿದಳು. ಅತ್ತಿಗೆ ಎತ್ತಿಕೊಂಡಳು.

"ಮಾವ ಊಟಕ್ಕೆ ಕೂತಿದಾರೆ. ಏನಾದ್ರೂ ಹೇಳ್ಬೇಕಿತ್ತಾ?"

"ಮನೆ ಸೇರಿದೆ ಅಂತ ಹೇಳಿ ಅತ್ತಿಗೆ. ಅಷ್ಟೇ."

ಅತ್ತಿಗೆ ಒಳಗೆ ಕೂಗಿ ಹೇಳಿದ್ದು ಕೇಳಿಸಿತು. ಆ ಕಡೆಯಿಂದ ತಟ್ಟೆಯ ಸದ್ದು, ನೀರು ಬಗ್ಗಿಸಿದ ಸದ್ದು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು.

"ಸರಿ ಅಂದ್ರು," ಎಂದಳು ಅತ್ತಿಗೆ.