ಪಟ್ಟಿ ಎಂಬ ಹೆಸರು

ವರ್ಗವಾಗಿ ಬಂದಿದ್ದ ಮಲಯಾಳ ನಾಡಿನ ಊರಿನಲ್ಲಿ, ಚಾಲೈ ಬಜಾರಿನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಹಯವದನ ಎರಡು ಆಯಿಲ್ ಫಿಲ್ಟರುಗಳನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತಿನಿಂದ ನಿಂತಿದ್ದ. ಒಂದು ಅಗ್ಗದ್ದು, ಅದರ ಕಾಗದದ ಮಡಿಕೆಗಳು ತೆಳ್ಳಗಿದ್ದವು, ಬೆರಳಿನಿಂದ ಒತ್ತಿದರೆ ಅಂಟು ಬಿಡುವಂತಿತ್ತು. ಇನ್ನೊಂದರ ಮಡಿಕೆಗಳು ಒತ್ತೊತ್ತಾಗಿದ್ದು ನಡುವಿನ ತೂತು ಅಳತೆಗೆ ಸರಿಯಾಗಿತ್ತು. ಹಳೆಯ ಅಂಬಾಸಿಡರ್ ಕಾರು ಕೊಂಡಾಗಿನಿಂದ ಅದರ ಎಂಜಿನ್ನನ್ನು ಬೇರೆಯವರು ಮುಟ್ಟಬಾರದೆಂಬ ಹಟ ಅವನದು. ಕಡೆಗೂ ಒಳ್ಳೆಯದನ್ನೇ ಆರಿಸಿದ. ಫಿಲ್ಟರ್ ಕೂರುವ ಬಟ್ಟಲಿನ ಬಾಯಿಗೆ ದುಂಡನೆಯ ರಬ್ಬರೊಂದು ಬೇಕು. ಮೈಸೂರಿನಲ್ಲಿ ಅದನ್ನು ಪಟ್ಟಿ ಎಂದೇ ಕೇಳಿ ಅವನಿಗೆ ಅಭ್ಯಾಸ.

"ಇದಿಂಡೆ ಪಟ್ಟಿ ಉಂಡೋ?" ಎಂದು ತನ್ನ ಅರ್ಧಂಬರ್ಧ ಮಲಯಾಳದಲ್ಲಿ ಕೇಳಿದ.

ಅಂಗಡಿಯವನು ಕಣ್ಣರಳಿಸಿ, "ಪಟ್ಟಿ ಪುರತ್ತುಂಡ್, ಸಾರೇ" ಎಂದು ಹೊರಗೆ ಬೆರಳು ತೋರಿಸಿದ. ಅಲ್ಲಿ ಮೂಟೆಗಳ ನೆರಳಿನಲ್ಲಿ ಬೀದಿನಾಯಿಯೊಂದು ಮಲಗಿತ್ತು. ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ ಎಂದು ಗೊತ್ತಾದ ಮೇಲೆ ಹಯವದನನೂ ಅವರ ಜೊತೆ ನಕ್ಕ. ಇನ್ನು ಮೇಲೆ ವಾಷರ್ ಎನ್ನಬೇಕು ಎಂದು ಬುದ್ಧಿ ಹೇಳಿಸಿಕೊಂಡು ಮನೆಗೆ ಬಂದ.

ಮರುದಿನ ಭಾನುವಾರ. ಕ್ವಾರ್ಟರ್ಸಿನ ಅಂಗಳದಲ್ಲಿ ಕಾರಿನ ಮುಂದಿನ ಚಕ್ರಗಳನ್ನು ಹಲಗೆಯ ಮೇಲೆ ಹತ್ತಿಸಿ, ಎಂಜಿನ್ನು ಬೆಚ್ಚಗಾದ ಮೇಲೆ ಹಳೆಯ ಎಣ್ಣೆಯನ್ನು ಬೇಸಿನ್ನಿಗೆ ಇಳಿಬಿಟ್ಟು, ಅವನು ಅಂಗಾತ ಮಲಗಿ ಕೆಳಗೆ ನುಸುಳಿದ. ಬಟ್ಟಲು ಬಿಚ್ಚಿ ಹಳೆಯ ಫಿಲ್ಟರನ್ನು ತೆಗೆದ. ಹಳೆಯ ರಬ್ಬರು ಎಂಜಿನ್ನಿಗೇ ಕಚ್ಚಿಕೊಂಡು ಕೂತಿತ್ತು. ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ಎಣ್ಣೆ ಸೋರುವುದು ಖಂಡಿತ. ದಬ್ಬಣದಿಂದ ಮೀಟಿ ಮೀಟಿ ಅದನ್ನು ಕಿತ್ತ. ಎಣ್ಣೆ ಮೊಣಕೈವರೆಗೆ ಇಳಿಯುತ್ತಿತ್ತು. ಆ ಗಡಿಬಿಡಿಯಲ್ಲಿ ಚಾಲೈಯ ಪಾಠ ಮರೆತೇಹೋಯಿತು.

"ಇಂದೂ, ಪಟ್ಟಿ! ಏ, ಪಟ್ಟಿ ಕೊಡೇ ಬೇಗ!"

ಹೆಂಡತಿ ಇಂದುಮತಿ ಹಾಲು ಉಕ್ಕುತ್ತದೆಂದು ಒಳಗೆ ಓಡಿದ್ದಳು. ಕಾರಿನ ಪಕ್ಕದಲ್ಲಿ ಮಣ್ಣು ಮೆತ್ತಿದ ಎರಡು ಬರಿಗಾಲುಗಳು ಬಂದು ನಿಂತವು.

"ವಿಳಿಚ್ಚೋ, ಸಾರೇ?"

ಹಯವದನ ತೆವಳಿಕೊಂಡು ಹೊರಗೆ ಬಂದ. ಕ್ವಾರ್ಟರ್ಸಿನ ಅಂಗಳಗಳನ್ನೆಲ್ಲ ಗುಡಿಸುವ ಹೆಂಗಸು, ತಲೆಗೊಂದು ಬಟ್ಟೆಯ ಪಟ್ಟಿ ಬಿಗಿದುಕೊಂಡು, ಪೊರಕೆಯನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಳು. ಕರೆದಿರಾ ಎಂದು ಕೇಳುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಕರೆದರು, ಬಂದಳು, ಅಷ್ಟೇ.

ಅವನಿಗೆ ಚಾಲೈಯ ನಾಯಿ ನೆನಪಾಯಿತು. "ನಿನ್ನನ್ನಲ್ಲ, ನಿನ್ನನ್ನಲ್ಲಮ್ಮ" ಎಂದು ತಡವರಿಸಿ ರಬ್ಬರನ್ನು ಎತ್ತಿ ತೋರಿಸಿದ.

"ಸಾರಮಿಲ್ಲ ಸಾರೇ" ಎಂದಳು ಅವಳು, ಅವನನ್ನೇ ಸಮಾಧಾನಪಡಿಸುವಂತೆ. ಇಲ್ಲಿ ಎಲ್ಲರೂ ತನ್ನನ್ನು ಹಾಗೇ ಕರೆಯುವುದು, ಅದರಲ್ಲೇನು ಎಂದಳು.

"ನಿನ್ನ ಹೆಸರೇನು?" ಎಂದು ತನ್ನ ಅರ್ಧಂಬರ್ಧ ಮಲಯಾಳದಲ್ಲೇ ಕೇಳಿದ.

ಅವಳು ಪೊರಕೆಯನ್ನು ಕೆಳಗಿಟ್ಟಳು. "ದಾಕ್ಷಾಯಣಿ."

ಬಾಗಿಲಲ್ಲಿ ನಿಂತಿದ್ದ ಇಂದುಮತಿಗೂ ಅದು ಕೇಳಿಸಿತು. "ನಮ್ಮಜ್ಜಿ ಹೆಸರು ಕಣ್ರೀ ಅದು" ಎಂದಳು ಮೆಲ್ಲಗೆ. ಈ ಮನೆಗೆ ಬಂದು ವರ್ಷವಾಗಿತ್ತು. ಇವರ ಅಂಗಳವನ್ನು ದಿನಾ ಗುಡಿಸಿಹೋಗುವವಳ ಹೆಸರನ್ನು ಅವಳೂ ಕೇಳಿರಲಿಲ್ಲ, ಇವನೂ ಕೇಳಿರಲಿಲ್ಲ.

ಇದನ್ನೆಲ್ಲ ಪಕ್ಕದ ಮನೆಯ ಸುಬ್ರಾಯರು ಗೋಡೆಯ ಆಚೆಯಿಂದ ನೋಡುತ್ತಿದ್ದರು. ಮಂಗಳೂರಿನ ಕಡೆಯವರು, ಹಯವದನನ ಕಚೇರಿಯಲ್ಲಿ ಅವನ ಮೇಲಧಿಕಾರಿ. ಹಯವದನ ಬೆಂಗಳೂರಿಗೆ ವರ್ಗ ಕೇಳಿ ಬರೆದಿದ್ದ ಅರ್ಜಿ ಅವರ ಶಿಫಾರಸಿಗಾಗಿ ಕಾದಿತ್ತು. ಹೆಂಗಸು ಆಚೆ ಹೋದ ಮೇಲೆ ಅವರು ಗೋಡೆಗೆ ಒರಗಿ ನಕ್ಕರು.

"ನೀವು ಎಂತ ಮಾರಾಯ್ರೆ, ಅದಕ್ಕೆಲ್ಲ ತಲೆಬಿಸಿ ಮಾಡಿಕೊಳ್ಳುವುದಾ? ಆ ಹೆಸರು ಇಟ್ಟದ್ದೇ ನಾನು. ಅವಳು ತಲೆಗೆ ಪಟ್ಟಿ ಕಟ್ಟುತ್ತಾಳಲ್ಲ, ಹಾಗಾಗಿ ಪಟ್ಟಿ. ನಮ್ಮ ಕನ್ನಡದಲ್ಲಿ ತಪ್ಪುಂಟಾ ಹೇಳಿ?"

"ಅವಳಿಗೆ ಕನ್ನಡ ಬರಲ್ವಲ್ಲ ಸಾರ್."

"ಅದು ಅವಳ ಕರ್ಮ. ಹೊಟ್ಟೆ ತುಂಬುವಷ್ಟು ಕೊಡ್ತೇವೆ, ಹಬ್ಬಕ್ಕೆ ಮುಂಡು ಕೊಡ್ತೇವೆ, ಕರೆದರೆ ಅವಳೇ ಬರ್ತಾಳೆ. ಅವಳಿಗಿಲ್ಲದ ನೋವು ನಿಮಗ್ಯಾಕೆ?" ಎಂದು ಮಾತು ಮುಗಿಸಿ, ಬರುವ ಭಾನುವಾರ ತಮ್ಮ ಕಾರಿನದ್ದೂ ಫಿಲ್ಟರ್ ಬದಲಿಸಿಕೊಡಬೇಕೆಂದರು. "ನಿಮ್ಮ ಕಾಗದಕ್ಕೂ ಅಷ್ಟರಲ್ಲಿ ರುಜು ಹಾಕುವ."

ಆ ವಾರವಿಡೀ ಹಯವದನನಿಗೆ ಮನಸ್ಸು ಸರಿಯಿರಲಿಲ್ಲ. ಇಷ್ಟು ದಿನ ಗಮನಿಸದೇ ಇದ್ದ "ಪಟ್ಟೀ" ಎಂಬ ಕೂಗು ಬೆಳಿಗ್ಗೆ ಗೋಡೆಯಾಚೆಯಿಂದ ಬಂದರೆ ಕೈಯ ತುತ್ತನ್ನು ತಟ್ಟೆಗೇ ಹಾಕುತ್ತಿದ್ದ. ಕೇಳಿಯೇಬಿಡುತ್ತೇನೆ ಎಂದು ಒಂದು ದಿನ ಎದ್ದೇ ಎದ್ದ.

ಇಂದುಮತಿ ಅಡ್ಡ ಬಂದಳು. "ಸುಮ್ನೆ ಕೂತ್ಕೊಳ್ಳಿ. ನನಗೇನು ಕರುಳಿಲ್ವಾ? ಆದ್ರೆ ನನ್ನ ಕಡೆ ಒಂದು ಸಲ ನೋಡಿ."

ಅವಳಿಗೆ ಐದು ತಿಂಗಳು. ಮೊದಲಿನ ಮಗುವನ್ನು ಇದೇ ಊರಿನಲ್ಲಿ ಕಳೆದುಕೊಂಡಿದ್ದಳು. ಎಲ್ಲಿ ನೋವು, ಎಂಥ ನೋವು ಎಂದು ದಾದಿಗೆ ಹೇಳಲು ಭಾಷೆ ಬಾರದೆ, ಗಂಡನೂ ಕ್ಯಾಂಪಿನಲ್ಲಿದ್ದು, ಒಂದು ಹಗಲಿಡೀ ಒಬ್ಬಳೇ ನರಳಿದ್ದಳು. ತವರಿನಲ್ಲಿ ತಾಯಿಯಿಲ್ಲ. ಬೆಂಗಳೂರಿನಲ್ಲಿ ಅಕ್ಕ ಶಾಂತಾ ಇದ್ದಾಳೆ. ಗಂಡನನ್ನು ಇಲ್ಲಿ ಬಿಟ್ಟು ಒಬ್ಬಳೇ ಅಲ್ಲಿಗೆ ಹೋಗಲು ಅವಳಿಗೆ ಧೈರ್ಯವಿಲ್ಲ.

"ಅವರ ರುಜು ಬೀಳೋವರೆಗೆ ಬಾಯಿ ಬಿಡಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅತ್ತಳು. ಅವನು ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟ.

ಭಾನುವಾರ ಬಂತು. ತಲೆಗೆ ಎಣ್ಣೆ ತೊಟ್ಟಿಕ್ಕದಂತೆ ಇಂದುಮತಿಯ ಹಳೆಯ ಸೀರೆಯ ಚೂರೊಂದನ್ನು ಹಣೆಗೆ ಬಿಗಿದುಕೊಂಡು ಹಯವದನ ಸುಬ್ರಾಯರ ಕಾರಿನ ಕೆಳಗೆ ಮಲಗಿದ. ಬಟ್ಟಲು ತೊಳೆದು ಹೊಸ ಫಿಲ್ಟರ್ ಇಟ್ಟ, ರಬ್ಬರನ್ನು ಸುತ್ತಲೂ ಒತ್ತಿ ಕೂರಿಸಿದ. ಆಚೆ ಸೀಬೆಗಿಡದ ಬುಡದಲ್ಲಿ ದಾಕ್ಷಾಯಣಿ ಗುಡಿಸುತ್ತಿದ್ದಳು. ಸುಬ್ರಾಯರು ವರಾಂಡದಲ್ಲಿ ಪೇಪರ್ ಓದುತ್ತ ಕೂತಿದ್ದರು.

"ಪಟ್ಟೀ, ಇಲ್ಲಿ ವಾ."

ಪೊರಕೆಯ ಸದ್ದು ನಿಂತಿತು. ಅವಳು ಹೆಜ್ಜೆ ಎತ್ತುವಷ್ಟರಲ್ಲಿ ಹಯವದನ ಕಾರಿನ ಅಡಿಯಿಂದ ಹೊರಗೆ ಬಂದು, ಎಣ್ಣೆಗೈ ಹಾಗೇ ಬಿಟ್ಟುಕೊಂಡು, ಮೆಟ್ಟಿಲ ಮುಂದೆ ನಿಂತ.

"ಕರೆದ್ರಾ ಸಾರ್?"

"ನಿಮ್ಮನ್ನಲ್ಲ ಮಾರಾಯ್ರೆ. ಪಟ್ಟಿಯನ್ನು."

"ನಾನೂ ತಲೆಗೆ ಪಟ್ಟಿ ಕಟ್ಟಿದೀನಲ್ಲ ಸಾರ್."

ಸುಬ್ರಾಯರು ನಗಲು ನೋಡಿದರು. ಎದುರಿಗಿದ್ದವನು ನಗಲಿಲ್ಲ. "ನೀವು ಆಫೀಸಿನವರು. ನಿಮ್ಮನ್ನು ಹಾಗೆ ಕರೆಯಲಿಕ್ಕಾಗ್ತದಾ?" ಎಂದರು.

"ಕನ್ನಡದಲ್ಲಿ ತಪ್ಪಿಲ್ಲ ಅಂದಿದ್ರಿ. ನನಗೆ ಕನ್ನಡ ಬರುತ್ತೆ. ಒಂದು ಸಲ ಕರೀರಿ ಸಾರ್, ಕೇಳ್ತೀನಿ."

ಸುಬ್ರಾಯರ ದೃಷ್ಟಿ ಹಯವದನನ ಹಣೆಯ ಬಟ್ಟೆಯಿಂದ ಗಿಡದ ಬುಡದಲ್ಲಿದ್ದ ಹೆಂಗಸಿನ ತಲೆಯ ಬಟ್ಟೆಗೆ ಹೋಯಿತು. ಪೇಪರನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಎದ್ದರು. "ಕೆಲಸ ಮುಗಿದ ಮೇಲೆ ಕೀಲಿಕೈ ಒಳಗೆ ಕೊಟ್ಟುಹೋಗಿ" ಎಂದಷ್ಟೇ ಹೇಳಿ ಒಳಗೆ ನಡೆದರು. ರುಜುವಿನ ಮಾತು ಬರಲಿಲ್ಲ.

ಹಯವದನ ಹೆಂಡತಿಗೆ ಕೊಟ್ಟ ಮಾತು ಮುರಿದಾಗಿತ್ತು. ಮತ್ತೆ ಕಾರಿನ ಕೆಳಗೆ ಹೋಗಿ ಬಟ್ಟಲಿನ ಬೋಲ್ಟು ಬಿಗಿದ, ಹೊಸ ಎಣ್ಣೆ ಹೊಯ್ದ, ಎಂಜಿನ್ನು ಚಾಲೂ ಮಾಡಿ ಸೋರುತ್ತಿಲ್ಲವೆಂದು ಬಗ್ಗಿ ನೋಡಿದ. ದಾಕ್ಷಾಯಣಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಯಾಕೆ ಹೀಗೆ ಮಾಡಿದಿರಿ ಸಾರೇ, ಇನ್ನು ನನ್ನನ್ನು ಕೆಲಸದಿಂದ ಬಿಡಿಸಿದರೆ ಏನು ಮಾಡಲಿ ಎಂದು ಕೇಳಿದಳು. ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ ಎಂದು ಅವನಿಗೇ ತಿಳಿಯದಾಯಿತು.

ಗೋಡೆಯಾಚೆ ಇಂದುಮತಿ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ಹಯವದನ ಗೇಟು ದಾಟಿ ಒಳಗೆ ಬಂದಾಗ ಬೈಗುಳ ಕಾದಿದೆ ಎಂದುಕೊಂಡ. ಅವಳು ಅವನನ್ನು ನೋಡಲಿಲ್ಲ. ಕೈಯಲ್ಲಿ ಚಹಾದ ಲೋಟವಿತ್ತು. ಅತ್ತು ಕೆಂಪಾದ ಕಣ್ಣುಗಳನ್ನು ಸೆರಗಿನಿಂದ ಒರೆಸಿಕೊಂಡು ಗೋಡೆಯ ಹತ್ತಿರ ಹೋದಳು.

"ದಾಕ್ಷಾಯಣಿ ಚೇಚೀ" ಎಂದು, ಇಲ್ಲಿಯವರು ಅಕ್ಕನನ್ನು ಕರೆಯುವ ಹಾಗೆ, ಕರೆದಳು.

ಹೆಂಗಸು ಬಗ್ಗಿ ಗುಡಿಸುತ್ತಲೇ ಇದ್ದಳು. ಇಂದುಮತಿ ಇನ್ನಷ್ಟು ಜೋರಾಗಿ ಕರೆದಳು. ಅವಳು ತಲೆ ಎತ್ತಿ, ಯಾರೋ ಬಂದಿರಬೇಕೆಂದು ಗೇಟಿನ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ತನ್ನನ್ನೇ ಕರೆಯುತ್ತಿದ್ದಾರೆಂದು ತಿಳಿಯುವವರೆಗೆ ಇಂದುಮತಿ ಕರೆಯುತ್ತಲೇ ಇದ್ದಳು.