ಕೆರೆಗೆ ಅರ್ಥ ಕೇಳಿದ ತರಗತಿ

ಎಲ್ಲಿಂದ ಶುರು ಮಾಡಲಿ? ಮಂಜುಗಡ್ಡೆ ಬಿರುಕು ಬಿಡುವ ಸದ್ದಿನಿಂದ ಶುರು ಮಾಡಿದ್ದೆ. ಈ ಕಥೆಯ ಹುಡುಗಿ ಬ್ರಿಟಾ ಲೆಹ್ತೊ ಮೊದಲ ಸಾಲಿಗೇ ತಡೆದಳು.

"ಮುನ್ಸೂಚನೇನಾ? ಹೈಸ್ಕೂಲ್ ಹುಡುಗಿ ನಂಗೇ ಗೊತ್ತಾಗುತ್ತೆ. ತೆಗೀರಿ ಅದನ್ನ."

ತೆಗೆದೆ. (ಮಿನೆಸೋಟದ ಈ ಉತ್ತರದ ತುದಿಯಲ್ಲಿ ಪಾತ್ರಗಳು ಮಾತಾಡುವುದೇ ಕಡಿಮೆ. ಆಡಿದರೆ ಲೇಖಕನಿಗೆ ಉಳಿಗಾಲವಿಲ್ಲ.)

೧

ಹಾಗಾದರೆ ತರಗತಿಯಿಂದಲೇ. ಜನವರಿ. ಇಂಗ್ಲಿಷ್ ಕಲಿಸುವ ಮಿಸ್ ಕಾರ್ವರ್ ಅರಿಜೋನದ ಮರಳುಗಾಡಿನವರು, ಆಗಸ್ಟಿನಲ್ಲಷ್ಟೇ ಈ ಊರಿಗೆ ಬಂದವರು. ಉಪಮೆಗೆ ಹಳದಿ ಪೆನ್ನು, ಉತ್ಪ್ರೇಕ್ಷೆಗೆ ಗುಲಾಬಿ, ರೂಪಕಕ್ಕೆ ಹಸಿರು. ಅಂದು ಬೋರ್ಡಿನ ಮೇಲಿದ್ದದ್ದು ಬ್ರಿಟಾಳ ಪದ್ಯ:

ಅಣ್ಣ ಟ್ರಕ್ ಓಡಿಸಿಕೊಂಡು ಕೆರೆಯ ಮೇಲೆ ಹೋದ.
ಅರ್ಧ ದಾರಿಯವರೆಗೆ ದೀಪ ಕಾಣುತ್ತಿತ್ತು.

ಮಿಸ್ ಎರಡೂ ಸಾಲಿಗೆ ಹಸಿರು ಸುತ್ತು ಹಾಕಿದರು.

"ನೀರಿನ ಮೇಲೆ ಟ್ರಕ್! ಎಂಥ ರೂಪಕ ನೋಡಿ! ಹೇಳು ಬ್ರಿಟಾ, ಇಲ್ಲಿ ಕೆರೆ ಅಂದ್ರೆ ಏನು?"

ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯೇ ಈ ಊರಿನ ರಸ್ತೆ. ಕಳೆದ ಮಾರ್ಚಿನಲ್ಲಿ ಅವಳಣ್ಣನ ಟ್ರಕ್ಕನ್ನು ನೀರಿನಿಂದ ಮೇಲೆತ್ತುವಾಗ ಊರೆಲ್ಲ ದಡದಲ್ಲಿ ನಿಂತಿತ್ತು. ನಾನೂ ಇದ್ದೆ. ಅದು ಗೊತ್ತಿಲ್ಲದವರು ಒಬ್ಬರೇ, ಹಸಿರು ಪೆನ್ನು ಅವರ ಕೈಯಲ್ಲಿತ್ತು.

"ಕೆರೆ ಅಂದ್ರೆ ಕೆರೆ, ಮಿಸ್."

"ಇನ್ನೂ ಸ್ವಲ್ಪ ಆಳಕ್ಕೆ ಹೋಗು."

(ಇಂಥ ವಾಕ್ಯಕ್ಕೆ ಸಾಹಿತ್ಯದಲ್ಲಿ ಒಂದು ಹೆಸರಿದೆ. ಇಲ್ಲಿ ಬಳಸಲು ಮನಸ್ಸಿಲ್ಲ.)

ಬ್ರಿಟಾ ಬ್ಯಾಗು ಎತ್ತಿಕೊಂಡು ಹೊರಟುಹೋದಳು. ಸದಾ ಎಲ್ಲರನ್ನೂ ನಗಿಸುವ ಗಸ್ ತನ್ನ ಬೂಟು ನೋಡುತ್ತಾ ಅಂದ: "ಮಿಸ್, ಅದು ನಿಜವಾದ ಟ್ರಕ್ಕು."

೨

ಮಿಸ್ ಕಾರ್ವರ್ ಸ್ಟಾಫ್ ರೂಮಿನಲ್ಲಿ ಕೂತು ಅತ್ತರು, ಹಿಮ ಕರಗುವ ಹಾಗೆ. (ಉಪಮೆ. ಹೊಡೆದುಹಾಕಿದೆ. ಅವರು ಅಳಲಿಲ್ಲ. ಬೋರ್ಡು ಒರೆಸಲು ಹೋಗಿ, ಒರೆಸಲಾರದೆ ನಿಂತರು.)

೩

ಮುಕ್ತಾಯಗಳು, ಬೇಕಾದದ್ದು ಆರಿಸಿಕೊಳ್ಳಿ.

ಅ) ಸೋಮವಾರ ಬ್ರಿಟಾ ಬಂದು ಟೀಚರನ್ನು ತಬ್ಬಿಕೊಂಡಳು.

"ಅಷ್ಟು ಅಗ್ಗನಾ ನಾನು?" ಅಂದಳು ಬ್ರಿಟಾ.

ಆ) ಮಂಜುಗಡ್ಡೆ ಬಿರಿಯಲಿಲ್ಲ. ಟ್ರಕ್ಕು ಆಚೆ ದಡ ಸೇರಿ, ಎರಡು ಸಲ ಹಾರ್ನ್ ಹೊಡೆಯಿತು.

ಇದನ್ನು ಅವಳು ಎರಡು ಸಲ ಓದಿದಳು.

"ಇದನ್ನ ಇಟ್ಕೊಳ್ಲಾ?" ಎಂದು ಕೇಳಿದೆ.

"ಅಮ್ಮ ಓದಿಬಿಟ್ರೆ?"

ಹರಿದು ಹಾಕಿದೆ. ಲೇಖಕ ಮಾಡಬಹುದಾದ್ದು ಇಷ್ಟೇ ಎಂದು ಗೊತ್ತಿದ್ದರೆ, ಬಹುಶಃ ಬೇರೆ ಏನಾದರೂ ಓದುತ್ತಿದ್ದೆ.

೪

ಶನಿವಾರ. ಇದು ಮುಕ್ತಾಯವಲ್ಲ, ಆದದ್ದು. ಮಿಸ್ ಕಾರ್ವರ್ ದಡಕ್ಕೆ ಬಂದರು. ದೂರದಲ್ಲಿ, ಕೆರೆಯ ಮೇಲೇ ನಿಲ್ಲಿಸಿದ್ದ ಮೀನು ಹಿಡಿಯುವ ಗುಡಿಸಲಿನ ಬಳಿ, ಬ್ರಿಟಾ ಮತ್ತು ಅವಳ ಅಪ್ಪ ಮಂಜುಗಡ್ಡೆಗೆ ತೂತು ಕೊರೆಯುತ್ತಿದ್ದರು.

"ನನ್ನ ಅಜ್ಞಾನವೊಂದು ಮರಳುಗಾಡು, ಬ್ರಿಟಾ!" (ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದು.)

"ಏನಂದ್ರಿ ಮಿಸ್? ಕೇಳಿಸ್ಲಿಲ್ಲ!"

"ಇಲ್ಲೇ ಬಂದ್ಬಿಡಿ ಮೇಡಂ," ಎಂದು ಕೂಗಿದರು ಅಪ್ಪ. "ಕಾಫಿ ಇದೆ. ಇವತ್ತು ಮಂಜುಗಡ್ಡೆ ಗಟ್ಟಿಯಾಗೇ ಇದೆ."

ಆ ಮನುಷ್ಯ ಅದನ್ನು ಹೇಗೆ ಹೇಳಿದರೋ ನನಗೆ ತಿಳಿಯದು. ಮಿಸ್ ಕಾಲಿಡಲಿಲ್ಲ. ಕೈಗವಸು ಕಳಚಿ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಅಂದೇ ಕೇಳಬೇಕಿದ್ದದ್ದನ್ನು ಕೂಗಿದರು:

"ನಿನ್ನಣ್ಣನ ಹೆಸರೇನು?"

ಕೊರೆಯುವ ಸದ್ದು ನಿಂತಿತು. ಬ್ರಿಟಾ ತಲೆಯೆತ್ತಿದಳು.

ಅವನಿಗೆಂದು ನಾನೊಂದು ಒಳ್ಳೆಯ ಹೆಸರು ಯೋಚಿಸಿಟ್ಟಿದ್ದೆ. ಈಗ ಅದನ್ನು ಅಳಿಸುತ್ತಿದ್ದೇನೆ. ಹೇಳುವುದಾದರೆ ಅವಳೇ ಹೇಳಲಿ. ಹೇಳದಿದ್ದರೆ, ನೀವೂ ನಾನೂ ಈ ದಡದಲ್ಲೇ ನಿಂತಿರೋಣ, ಕೈಯಲ್ಲಿ ಪೆನ್ನು ಹಿಡಿಯದೆ.