ತಮ್ಮನ ಕೈಗುಣ

ಕ್ರಿಪ್ಟೊ ವಾಲೆಟ್ಟಿನ ಪೆಟ್ಟಿಗೆಯ ಸೀಲು ನಾನೇ ಬಿಚ್ಚಿದೆ. ಪಿನ್ ನಂಬರ್ ನಾನೇ ಇಟ್ಟೆ. ಅದರ ಗುಟ್ಟಿನ ಪದಗಳನ್ನು ಬರೆದುಕೊಳ್ಳುವ ಹೊತ್ತಿಗೆ ಮಾತ್ರ ಪೆನ್ನು ತಮ್ಮನ ಕೈಗೆ ಹೋಯಿತು. ನಮ್ಮ ಮನೆಯಲ್ಲಿ ಏನೇ ಶುರುವಾದರೂ ಪ್ರವೀಣಕುಮಾರನ ಕೈಯಿಂದಲೇ ಆಗಬೇಕು. ಬೋರ್ ಕೊರೆಸುವಾಗ ಅವನು ಕಾಯಿ ಒಡೆದ, ನೀರು ಬಿತ್ತು. ಚಿಕ್ಕಪ್ಪನ ಗೊಬ್ಬರದ ಅಂಗಡಿಗೆ ಅವನೇ ಬೋಣಿಗೆ ಮಾಡಿದ, ಅಂಗಡಿ ನಡೆಯಿತು. ಗಂಡ ಸತ್ತ ಮೇಲೆ ನನ್ನ ಕೈ ದುಡಿಯಲಿಕ್ಕೆ ಆಗುತ್ತದೆ, ಶುರು ಮಾಡಲಿಕ್ಕೆ ಆಗುವುದಿಲ್ಲ ಎನ್ನುವುದು ಅವ್ವನ ಶಾಸ್ತ್ರ. ಆ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ.

ನಾನು ವಾಣಿಶ್ರೀ. ಕೊಟ್ಟೂರಿನ ಒಂದು ಬಾಡಿಗೆ ಮಳಿಗೆಯಲ್ಲಿ ಕೂತು, ಕಸೂತಿ ಹಾಕುವ ಮಷೀನುಗಳಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿಕೊಡುತ್ತೇನೆ. ಹೊರದೇಶದ ಗಿರಾಕಿಗಳು ಕೆಲವರು ಕೂಲಿಯನ್ನು ಕ್ರಿಪ್ಟೊ ನಾಣ್ಯದಲ್ಲೇ ಕಳಿಸುತ್ತಾರೆ. ವರ್ಷಗಟ್ಟಲೆ ಅದನ್ನು ಮುಟ್ಟದೆ ಇಟ್ಟಿದ್ದೆ. ಮುಂದಿನ ವರ್ಷ ಮಾಲೀಕ ಮಳಿಗೆ ಮಾರುತ್ತಾನೆ. ಅದು ನನ್ನದಾಗಬೇಕೆಂದರೆ ಆ ಗಂಟು ಅಲ್ಲಿಯವರೆಗೆ ಭದ್ರವಾಗಿರಬೇಕು.

ಯಾರದೋ ಆ್ಯಪಿನಲ್ಲಿ ಇಟ್ಟು ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವುದು ಬೇಡವೆಂದು ಹಾರ್ಡ್‌ವೇರ್ ವಾಲೆಟ್ಟನ್ನು ಕಂಪನಿಯಿಂದಲೇ ನೇರವಾಗಿ ತರಿಸಿದೆ. ನೋಡಲಿಕ್ಕೆ ಪೆನ್‌ಡ್ರೈವಿನಷ್ಟಿದೆ. ಶುರು ಮಾಡಿದಾಗ ಅದರ ಪುಟ್ಟ ಪರದೆಯ ಮೇಲೆ ಇಪ್ಪತ್ನಾಲ್ಕು ಇಂಗ್ಲಿಷ್ ಪದಗಳು ಒಂದೊಂದಾಗಿ ಬರುತ್ತವೆ. ವಾಲೆಟ್ಟು ಕಳೆದರೂ ಆ ಪದಗಳಿದ್ದರೆ ಎಲ್ಲ ವಾಪಸ್ ಸಿಗುತ್ತದೆ. ಬೇರೆಯವರ ಕೈಗೆ ಸಿಕ್ಕರೆ ಎಲ್ಲ ಅವರದೇ. ಫೋಟೊ ತೆಗೆಯಬೇಡಿ, ಮೊಬೈಲಿನಲ್ಲಿ ಇಡಬೇಡಿ, ಯಾರಿಗೂ ತೋರಿಸಬೇಡಿ ಎಂದು ಜೊತೆಗಿದ್ದ ಚೀಟಿಯಲ್ಲಿ ಬರೆದಿದ್ದರು. ಯಾರಿಗೂ ಎಂದರೆ ಒಡಹುಟ್ಟಿದ ತಮ್ಮನೂ ಸೇರುತ್ತಾನೆಂದು ನನಗೆ ಅನ್ನಿಸಲೇ ಇಲ್ಲ.

ಸೋಮವಾರ ರಾಹುಕಾಲ ಕಳೆದ ಮೇಲೆ ಪ್ರವೀಣ ಹರಪನಹಳ್ಳಿಯಿಂದ ಬಂದ. ಮುತ್ತಿನಂಥ ಅಕ್ಷರದಲ್ಲಿ ಪದಗಳನ್ನೆಲ್ಲ ಬರೆದ. ಅವ್ವ ಆ ಹಾಳೆಯ ಮೇಲೆ ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು, ಮಡಚಿ, ತಿಜೋರಿಯಲ್ಲಿಟ್ಟಳು. ನಾನು ಪರೀಕ್ಷೆಗೆಂದು ಸ್ವಲ್ಪವೇ ಸ್ವಲ್ಪ ನಾಣ್ಯ ವಾಲೆಟ್ಟಿಗೆ ಹಾಕಿದೆ.

ತಿಂಗಳಾದ ಮೇಲೆ ದೊಡ್ಡ ಗಂಟನ್ನು ಹಾಕುವ ದಿನವೂ ಅವ್ವ ಅವನನ್ನೇ ಕರೆಸಿದಳು. ಅದಕ್ಕೆ ಮೊದಲು ಒಂದು ತಾಲೀಮು ಮಾಡಬೇಕು: ವಾಲೆಟ್ಟನ್ನು ಪೂರ್ತಿ ಅಳಿಸಿ, ಹಾಳೆಯಲ್ಲಿರುವ ಪದಗಳಿಂದ ಮತ್ತೆ ತೆರೆದು ನೋಡಬೇಕು. ಅಳಿಸಿದೆ. ಆಮೇಲೆ ಹಾಳೆ ಬಿಚ್ಚಿದರೆ ವಿಭೂತಿಯ ನೀರಿಗೆ ಶಾಯಿ ಹರಡಿ, ಹದಿನೇಳನೆಯ ಪದ ಇದ್ದ ಜಾಗದಲ್ಲಿ ನೀಲಿ ಕಲೆ ಮಾತ್ರ ಉಳಿದಿತ್ತು.

"ಎಂಥಾ ಕೆಲಸ ಮಾಡಿದೆಬೇ ಯವ್ವಾ!" ಎಂದು ಕಿರುಚಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

ಚಹಾ ಕುಡಿಯುತ್ತ ಮೊಬೈಲ್ ನೋಡುತ್ತಿದ್ದ ಪ್ರವೀಣ ತಲೆ ಎತ್ತದೆ ಹೇಳಿದ. "ಗೋಟ್ ಯಕ್ಕಾ. ಆಡು ಅಂತಾರಲ್ಲ, ಅದ. ಹಾಕಿ ನೋಡು."

ಹಾಕಿದೆ. ತೆರೆಯಿತು. ನನ್ನ ನಾಣ್ಯ ಇದ್ದಲ್ಲೇ ಇತ್ತು. "ನೋಡಿದೇನು ನನ್ನ ಮಗನ ಕೈಗುಣ!" ಎಂದು ಅವ್ವ ಅವನ ದೃಷ್ಟಿ ತೆಗೆದು ನೆಟಿಕೆ ಮುರಿದಳು. ನಾನೂ ಮನಸಾರೆ ನಕ್ಕೆ.

ನಗು ಬಾಯಲ್ಲೇ ಒಣಗಿತು. ಇವನ ಗಾಡಿಯ ನಂಬರ್ ಕೇಳಿದರೆ ಎದ್ದು ಹೋಗಿ ನೋಡಿಕೊಂಡು ಬರುತ್ತಾನೆ. ಹೆಂಡತಿಯ ಫೋನ್ ನಂಬರ್ ಇವತ್ತಿಗೂ ಬಾಯಿಗೆ ಬರುವುದಿಲ್ಲ. ತಿಂಗಳ ಹಿಂದೆ ಒಂದು ಸಲ ಬರೆದ ಹದಿನೇಳನೆಯ ಪದ ಮಾತ್ರ ನಾಲಿಗೆಯ ತುದಿಯಲ್ಲಿತ್ತು.

"ನಿನಗ ಹೆಂಗ ನೆನಪಿತ್ತೋ?" ಎಂದೆ.

"ನೆನಪಿತ್ತು ಅಷ್ಟ. ಈಗ ದೊಡ್ಡದನ್ನ ಹಾಕಿಬಿಡಕ್ಕ, ಇವತ್ತು ದಿನ ಚಲೋ ಐತಿ."

ನೆಟ್ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಹೋಗುವ ಮೊದಲು ಅವನು ದೊಡ್ಡದನ್ನು ಹಾಕು ಎಂದು ಇನ್ನೂ ಎರಡು ಸಲ ಹೇಳಿದ.

ಮರುದಿನ ಬೆಳಿಗ್ಗೆ ಮಳಿಗೆಯ ಶಟರ್ ಅರ್ಧ ಇಳಿಸಿ ಒಬ್ಬಳೇ ಕೂತೆ. ವಾಲೆಟ್ಟನ್ನು ಅಳಿಸಿ ಹೊಸದಾಗಿ ಶುರು ಮಾಡಿದೆ. ಹೊಸ ಪದಗಳು ಬಂದವು. ನನ್ನ ಕೋಳಿಕಾಲಿನ ಅಕ್ಷರದಲ್ಲೇ ಬರೆದುಕೊಂಡೆ. ಮತ್ತೊಮ್ಮೆ ಅಳಿಸಿ, ಆ ಪದಗಳಿಂದಲೇ ತೆರೆದು ನೋಡಿ, ಗಂಟನ್ನೆಲ್ಲ ಅದರೊಳಗೆ ಕಳಿಸಿದೆ. ಹಾಳೆ ಎಲ್ಲಿದೆಯೆಂದು ಈ ಕಥೆಯಲ್ಲೂ ಹೇಳುವುದಿಲ್ಲ.

ವಾಲೆಟ್ಟು ಅಳಿಸಿದರೂ ಹಳೆಯ ಪದಗಳ ಖಾತೆ ಅಳಿಯುವುದಿಲ್ಲ, ಆ ಪದಗಳು ಯಾರ ಹತ್ತಿರ ಇದ್ದರೂ ತೆರೆಯುತ್ತದೆ. ಅದರಲ್ಲಿ ಆ ಪರೀಕ್ಷೆಯ ನಾಣ್ಯ ಹಾಗೇ ಇತ್ತು. ಅದರ ಜೊತೆಗೆ ಒಂದು ಡಿಸೈನಿನ ಕೂಲಿಯನ್ನೂ ಸೇರಿಸಿ ಪ್ರವೀಣನಿಗೆ ಫೋನ್ ಮಾಡಿದೆ.

"ಯಾಕೋ ಧೈರ್ಯ ಸಾಲವಲ್ದಪ್ಪ. ದೊಡ್ಡದನ್ನ ಹಾಕೂದಿಲ್ಲ. ಅದರಾಗ ಇರೋ ಚೂರನ್ನೂ ಸಂಜಿಗೆ ವಾಪಸ್ ತಗೊಂತೀನಿ."

"ಹಂಗ್ಯಾಕ ಮಾಡ್ತಿ ಯಕ್ಕಾ?" ಎಂದ. ಆಮೇಲೆ, "ಆತು ಬಿಡು, ನಿನ್ನಿಷ್ಟ," ಎಂದ.

ಹಳೆಯ ಖಾತೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ತೆರೆದಿಟ್ಟುಕೊಂಡು ಕೂತೆ. ಆ ಹೊತ್ತು ನನಗೆ ಮಳಿಗೆಯೂ ಬೇಕಿರಲಿಲ್ಲ, ಗಂಟೂ ಬೇಕಿರಲಿಲ್ಲ. ನನ್ನ ಅನುಮಾನ ಸುಳ್ಳಾಗಲಿ ಕೊಟ್ರಯ್ಯಾ, ನಾಣ್ಯ ಇದ್ದಲ್ಲೇ ಇರಲಿ, ತಮ್ಮನ ಮೇಲೆ ಸಂಶಯ ಪಟ್ಟ ಪಾಪಕ್ಕೆ ನಿನ್ನ ಮಠಕ್ಕೆ ಬರಿಗಾಲಲ್ಲಿ ಬರುತ್ತೇನೆ ಎಂದು ನಮ್ಮೂರ ದೇವರನ್ನು ಬೇಡಿಕೊಂಡೆ. ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುವಷ್ಟರಲ್ಲಿ ಖಾತೆ ಸೊನ್ನೆಯಾಯಿತು. ಎಡವಿ ಬಿದ್ದು ಅತ್ತಾಗಲೆಲ್ಲ ನಾನು ಸೊಂಟದ ಮೇಲೆ ಹೊತ್ತು ತಿರುಗಿದ ತಮ್ಮ ಅವನು. ಬಾಯಿಗೆ ಸೆರಗಿಟ್ಟುಕೊಂಡು ಅತ್ತೆ.

ಸಂಜೆ ಅವನೇ ಫೋನ್ ಮಾಡಿದ. "ಏನ್ ಮಾಡಾಕತ್ತಿ ಯಕ್ಕಾ? ಊಟ ಆತೇನು?"

"ಆ ನಾಣ್ಯಾನ ಅಲ್ಲಿ ಬೇಕಂತನ ಬಿಟ್ಟಿದ್ದೆ ನಾನ, ಪ್ರವೀಣ," ಎಂದೆ. "ನೀ ಮುಟ್ಟಬಾರದು, ಮುಟ್ಟಬಾರದು ಅಂತ ದೇವರಿಗೆ ಬೇಡ್ಕೊಂತ ಕುಂತಿದ್ದೆ."

ಆ ಕಡೆ ಯಾವುದೋ ಟ್ರ್ಯಾಕ್ಟರ್ ಹಾದುಹೋದ ಸದ್ದು ಕೇಳಿತು. ಇಲ್ಲ ಅನ್ನುತ್ತಾನೇನೋ, ಬೈಯುತ್ತಾನೇನೋ, ತಪ್ಪಾಯ್ತು ಅನ್ನುತ್ತಾನೇನೋ ಎಂದು ಕಾದೆ.

"ಅವ್ವಗ ಹೇಳಬ್ಯಾಡ ಯಕ್ಕಾ," ಎಂದ.